ಏಳು ಶಿಲಿಂಗ್ ಕೂಲಿಯ ಹಿಂದಿನ ಕಾಗದಗಳು

ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹಸ್ತಪ್ರತಿ ಸಂಖ್ಯೆ 1057 ಎಂಬ ಕಡತಗಳಿವೆ. ಹೆನ್ರಿ ಬೋರ್ನ್ಸ್ ಹಿಗ್ಗಿನ್ಸ್ ಎಂಬ ವಕೀಲರ ಖಾಸಗಿ ಕಾಗದಪತ್ರಗಳವು. ಮನೆಯವರ ಪತ್ರಗಳು, ಗೆಳೆಯರ ಪತ್ರಗಳು, ಮುಪ್ಪಿನಲ್ಲಿ ಬರೆದಿಟ್ಟು ಅಚ್ಚಿಗೆ ಕೊಡದೆ ಉಳಿಸಿದ ಆತ್ಮಕಥನ ಎಲ್ಲವೂ ಅವುಗಳಲ್ಲಿವೆ. ಹಿಗ್ಗಿನ್ಸ್ ಹುಟ್ಟಿದ್ದು ಐರ್ಲೆಂಡಿನಲ್ಲಿ, ಹೆಸರು ಮಾಡಿದ್ದು ಬ್ರಿಟಿಷರ ವಿಕ್ಟೋರಿಯಾ ವಸಾಹತಿನಲ್ಲಿ. ವಕೀಲ, ಶಾಸಕ, ಸಂವಿಧಾನ ಸಮಾವೇಶದ ಸದಸ್ಯ, ಅಟಾರ್ನಿ ಜನರಲ್, ಕೊನೆಗೆ ಹೈಕೋರ್ಟ್ ನ್ಯಾಯಮೂರ್ತಿ. ಇಷ್ಟು ಪದವಿ ಏರಿದವರು ಆ ಕಾಲದಲ್ಲಿ ಇನ್ನೂ ಕೆಲವರಿದ್ದರು. ಹಿಗ್ಗಿನ್ಸ್ ಅವರ ಹೆಸರು ಇಂದಿಗೂ ಉಳಿದಿರುವುದು 1907ರಲ್ಲಿ ಅವರು ಕೊಟ್ಟ ಒಂದು ತೀರ್ಪಿನಿಂದ. ಕೂಲಿಯವನಿಗೆ ದಿನಕ್ಕೆ ಏಳು ಶಿಲಿಂಗ್ ಕೊಡಲೇಬೇಕು ಎಂದ ತೀರ್ಪು ಅದು.

ಆ ತೀರ್ಪನ್ನು ಕಾನೂನು ಪುಸ್ತಕದಲ್ಲಿ ಓದಿದರೆ ಒಬ್ಬ ಲೆಕ್ಕಾಚಾರದ ನ್ಯಾಯಾಧೀಶ ಕಾಣುತ್ತಾರೆ. ಖಾಸಗಿ ಕಾಗದಗಳ ಜೊತೆಗಿಟ್ಟು ಓದಿದರೆ ಆ ಲೆಕ್ಕ ಎಲ್ಲಿಂದ ಹುಟ್ಟಿತು ಎಂಬುದು ತಿಳಿಯುತ್ತದೆ. ಅದಕ್ಕಾಗಿ ಮೊದಲು ಐರ್ಲೆಂಡಿಗೆ ಹೋಗಬೇಕು.

ಹಿಗ್ಗಿನ್ಸ್ ಹುಟ್ಟಿದ್ದು 1851ರ ಜೂನ್ 30ರಂದು, ಡೌನ್ ಕೌಂಟಿಯ ನ್ಯೂಟೌನಾರ್ಡ್ಸ್ ಎಂಬ ಊರಿನಲ್ಲಿ. ತಂದೆ ಜಾನ್ ಹಿಗ್ಗಿನ್ಸ್ ವೆಸ್ಲಿಯನ್ ಪಂಥದ ಪಾದ್ರಿ. ಆ ಪಂಥದ ಪಾದ್ರಿಗಳಿಗೆ ಒಂದೇ ಊರಿನಲ್ಲಿ ನೆಲೆ ನಿಲ್ಲುವ ಪದ್ಧತಿ ಇರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಬೇಕು, ಹೊಸ ಊರು, ಹೊಸ ಸಭೆ. ಸಂಬಳ ಕಡಿಮೆ, ಮಕ್ಕಳು ಹಲವರು. ಮರ್ಯಾದೆಯಿಂದ ಬದುಕಬೇಕಾದ ಆದರೆ ಕೈಯಲ್ಲಿ ಕಾಸಿಲ್ಲದ ಮನೆಯಲ್ಲಿ ಪ್ರತಿ ಪೆನ್ನಿಗೂ ಲೆಕ್ಕವಿರುತ್ತದೆ. ಹೆನ್ರಿ ಬೆಳೆದದ್ದು ಇಂಥ ಮನೆಯಲ್ಲಿ. ಡಬ್ಲಿನ್ನಿನ ವೆಸ್ಲಿಯನ್ ಶಾಲೆಯಲ್ಲಿ ಸ್ವಲ್ಪ ಕಾಲ ಓದಿದ ಮೇಲೆ ಎಳೆಯ ವಯಸ್ಸಿನಲ್ಲೇ ಗುಮಾಸ್ತೆ ಕೆಲಸಕ್ಕೆ ಸೇರಬೇಕಾಯಿತು. ಮೈ ಸೊರಗಿದ ಹುಡುಗ, ಮೇಲಾಗಿ ಉಗ್ಗು.

ಕುಟುಂಬ ಐರ್ಲೆಂಡ್ ಬಿಟ್ಟದ್ದು ಹೊಟ್ಟೆಪಾಡಿಗಿಂತ ಹೆಚ್ಚಾಗಿ ಜೀವಭಯದಿಂದ. ಹೆನ್ರಿಯ ಅಣ್ಣ ಕ್ಷಯದಿಂದ ತೀರಿಕೊಂಡಿದ್ದ. ಉಳಿದ ಮಕ್ಕಳನ್ನಾದರೂ ಒಣಹವೆಯ ನಾಡಿಗೆ ಕರೆದೊಯ್ಯಬೇಕೆಂದು ಪಾದ್ರಿ ದಂಪತಿ ನಿರ್ಧರಿಸಿದರು. 1870ರ ಫೆಬ್ರವರಿಯಲ್ಲಿ ಅವರ ಹಡಗು ಮೆಲ್ಬರ್ನ್ ಮುಟ್ಟಿದಾಗ ಹೆನ್ರಿಗೆ ಹದಿನೆಂಟು ವರ್ಷ.

ಮೆಲ್ಬರ್ನ್ ಆಗ ಚಿನ್ನದ ಗಣಿಗಳಿಂದ ಬೆಳೆದು ನಿಂತಿದ್ದ ಊರು. ಅಲ್ಲಿನ ವಿಶ್ವವಿದ್ಯಾಲಯ ಶುರುವಾಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಹಿಗ್ಗಿನ್ಸ್ ಪಾಠ ಹೇಳಿ ಸಂಪಾದಿಸುತ್ತಾ ಅದೇ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಅಲ್ಲಿ ಅವರ ಮೇಲೆ ಪ್ರಭಾವ ಬೀರಿದವರಲ್ಲಿ ಪ್ರೊಫೆಸರ್ ವಿಲಿಯಂ ಹರ್ನ್ ಒಬ್ಬರು, ಅವರೂ ಐರಿಷ್ ಮೂಲದವರು. ಆಲ್ಫ್ರೆಡ್ ಡೀಕಿನ್, ಐಸಾಕ್ ಐಸಾಕ್ಸ್ ಇವರ ಕಾಲದವರೇ. ಡೀಕಿನ್ ಮುಂದೆ ಮೂರು ಬಾರಿ ಪ್ರಧಾನಿಯಾದರು. ಐಸಾಕ್ಸ್ ಹೈಕೋರ್ಟಿನಲ್ಲಿ ಹಿಗ್ಗಿನ್ಸ್ ಪಕ್ಕದ ಕುರ್ಚಿಯಲ್ಲಿ ಕುಳಿತರು. 1876ರಲ್ಲಿ ಹಿಗ್ಗಿನ್ಸ್ ವಕೀಲರಾಗಿ ಸನ್ನದು ಪಡೆದರು. ಮಾತೇ ಬಂಡವಾಳವಾದ ಈ ವೃತ್ತಿಯನ್ನು ಉಗ್ಗಿನ ಹುಡುಗ ಆಯ್ದುಕೊಂಡದ್ದರಲ್ಲೇ ಅವರ ಹಟ ಕಾಣುತ್ತದೆ. ಉಗ್ಗನ್ನು ಬಹುಮಟ್ಟಿಗೆ ಗೆದ್ದರು ಕೂಡ. ಆಸ್ತಿ, ಉಯಿಲು, ಟ್ರಸ್ಟುಗಳ ವ್ಯಾಜ್ಯದಲ್ಲಿ ಹೆಸರು ಮಾಡಿ, ಹತ್ತು ಹದಿನೈದು ವರ್ಷದಲ್ಲಿ ಚೆನ್ನಾಗಿ ಸಂಪಾದಿಸಿದರು. 1885ರಲ್ಲಿ ಮೇರಿ ಆಲಿಸ್ ಮಾರಿಸನ್ ಅವರನ್ನು ಮದುವೆಯಾದರು. ಆಕೆಯ ತಂದೆ ಜಿಲಾಂಗ್ ಕಾಲೇಜಿನ ಮುಖ್ಯಸ್ಥ. ಆಕೆಯ ಸೋದರ ಜಾರ್ಜ್ ಅರ್ನೆಸ್ಟ್ ಮಾರಿಸನ್ ಲಂಡನ್ನಿನ ಟೈಮ್ಸ್ ಪತ್ರಿಕೆಯ ಪೀಕಿಂಗ್ ಬಾತ್ಮೀದಾರನಾಗಿ ಲೋಕಪ್ರಸಿದ್ಧನಾದ.

ಹಣ, ಹೆಸರು ಕೂಡಿಬರುತ್ತಿರುವ ವಕೀಲ ಸಾಮಾನ್ಯವಾಗಿ ಎದುರು ಈಜುವುದಿಲ್ಲ. ಹಿಗ್ಗಿನ್ಸ್ ಈಜಿದರು. 1883ರಲ್ಲಿ ಐರ್ಲೆಂಡಿನ ಸ್ವಯಮಾಡಳಿತಕ್ಕೆ ಬೆಂಬಲ ಕೇಳಿಕೊಂಡು ಐರಿಷ್ ರಾಜಕಾರಣಿ ಜಾನ್ ರೆಡ್ಮಂಡ್ ಆಸ್ಟ್ರೇಲಿಯಾಕ್ಕೆ ಬಂದಾಗ ಮೆಲ್ಬರ್ನಿನ ಗಣ್ಯರು ಬಾಗಿಲು ಮುಚ್ಚಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಇಬ್ಬರು ಹಿರಿಯ ಅಧಿಕಾರಿಗಳ ಕೊಲೆಯಾಗಿತ್ತು, ಐರಿಷ್ ಎಂದರೆ ಸಂಶಯದಿಂದ ನೋಡುವ ಕಾಲ. ಆಗ ರೆಡ್ಮಂಡ್ ಪರ ನಿಂತ ಕೆಲವೇ ಪ್ರಾಟೆಸ್ಟೆಂಟರಲ್ಲಿ ಹಿಗ್ಗಿನ್ಸ್ ಒಬ್ಬರು. ಇಪ್ಪತ್ತೆರಡು ವರ್ಷದ ಮೇಲೆ, 1905ರಲ್ಲಿ, ಆಸ್ಟ್ರೇಲಿಯಾದ ಸಂಸತ್ತಿನ ಕೆಳಮನೆಯಲ್ಲಿ ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬೇಕೆಂಬ ನಿರ್ಣಯವನ್ನು ಮಂಡಿಸಿ ಪಾಸು ಮಾಡಿಸಿದವರೂ ಅವರೇ.

1894ರಲ್ಲಿ ಜಿಲಾಂಗ್ ಕ್ಷೇತ್ರದಿಂದ ವಿಕ್ಟೋರಿಯಾ ವಿಧಾನಸಭೆಗೆ ಗೆದ್ದರು. 1899ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ವಸಾಹತಿನ ಸೈನಿಕರನ್ನು ಕಳಿಸುವ ಪ್ರಶ್ನೆ ಬಂತು. ಊರಿಗೆ ಊರೇ ಬಾವುಟ ಬೀಸುತ್ತಿದ್ದಾಗ ಈ ಯುದ್ಧ ನ್ಯಾಯವೇ ಎಂದು ಕೇಳಿ ಹಿಗ್ಗಿನ್ಸ್ ವಿರೋಧಿಸಿದರು. 1900ರ ಚುನಾವಣೆಯಲ್ಲಿ ಜಿಲಾಂಗ್ ಅವರನ್ನು ಕೈಬಿಟ್ಟಿತು.

ಇದರ ನಡುವೆ 1897-98ರ ಸಂವಿಧಾನ ಸಮಾವೇಶ ನಡೆಯಿತು. ಆರು ವಸಾಹತುಗಳು ಸೇರಿ ಒಂದು ದೇಶವಾಗುವ ಕರಡು ಬರೆಯುವ ಸಭೆ ಅದು. ಚಿಕ್ಕ ವಸಾಹತಿಗೂ ದೊಡ್ಡ ವಸಾಹತಿಗೂ ಮೇಲ್ಮನೆಯಲ್ಲಿ ಸಮ ಸ್ಥಾನ ಕೊಡುವುದು ಪ್ರಜಾಪ್ರಭುತ್ವವಲ್ಲ ಎಂದು ಹಿಗ್ಗಿನ್ಸ್ ಇಡೀ ಕರಡನ್ನೇ ವಿರೋಧಿಸಿ, ಜನಮತಗಣನೆಯಲ್ಲಿ ಅದರ ವಿರುದ್ಧ ಪ್ರಚಾರ ಮಾಡಿದರು. ಗೆಲ್ಲಲಿಲ್ಲ. ಆದರೆ ತಾವು ವಿರೋಧಿಸಿದ ಆ ಸಂವಿಧಾನದಲ್ಲೇ ಅವರ ಗುರುತು ಎರಡು ಕಡೆ ಉಳಿದಿದೆ. ಒಂದು, ದೇಶಕ್ಕೆ ಅಧಿಕೃತ ಧರ್ಮ ಇರಕೂಡದು, ಯಾರ ಧರ್ಮಾಚರಣೆಗೂ ಅಡ್ಡಿ ಮಾಡಕೂಡದು ಎನ್ನುವ 116ನೇ ವಿಧಿ. ಇನ್ನೊಂದು, ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಹಬ್ಬುವ ಕಾರ್ಮಿಕ ವಿವಾದಗಳನ್ನು ರಾಜಿ-ಪಂಚಾಯಿತಿಯಿಂದ ಬಗೆಹರಿಸುವ ಅಧಿಕಾರ. 1890ರ ಹಡಗು ಕೆಲಸಗಾರರ ಮುಷ್ಕರ, ಆ ಬಳಿಕ ಕುರಿ ಉಣ್ಣೆ ಕತ್ತರಿಸುವವರ ಮುಷ್ಕರಗಳು ದೇಶವನ್ನೇ ಅಲುಗಾಡಿಸಿದ್ದವು. ಹಸಿವಿಗೆ ಸೋತು ಕೆಲಸಗಾರರು ಮರಳಿದ್ದರು. ಅಂಥ ಹೊಡೆದಾಟದ ಜಾಗದಲ್ಲಿ ನ್ಯಾಯಾಲಯ ಕೂರಬೇಕು ಎಂಬುದು ಹಿಗ್ಗಿನ್ಸ್ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಚಾರ್ಲ್ಸ್ ಕಿಂಗ್‌ಸ್ಟನ್ ವಾದ. ಮೊದಲು ಸೋತ ಪ್ರಸ್ತಾವ 1898ರಲ್ಲಿ 22ಕ್ಕೆ 19 ಮತಗಳಿಂದ ಗೆದ್ದಿತು. ಮೂರೇ ಮತಗಳ ಅಂತರ.

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳಲೇಬೇಕು. 1901ರಲ್ಲಿ ಹೊಸ ದೇಶದ ಮೊದಲ ಸಂಸತ್ತಿಗೆ ಉತ್ತರ ಮೆಲ್ಬರ್ನಿನಿಂದ ಆಯ್ಕೆಯಾದ ಹಿಗ್ಗಿನ್ಸ್, 1902ರ ಮತಾಧಿಕಾರ ಮಸೂದೆಯ ಚರ್ಚೆಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು ಮತದಾರರ ಪಟ್ಟಿಯಿಂದ ಹೊರಗಿಡಬೇಕೆಂಬ ತಿದ್ದುಪಡಿಯನ್ನು ಮುಂದಿಟ್ಟವರು. ಮೇಲ್ಮನೆ ಅವರನ್ನು ಸೇರಿಸಿತ್ತು, ಕೆಳಮನೆ ಹೊರಹಾಕಿತು. ಬಿಳಿಯ ಹೆಂಗಸರಿಗೆ ಮತ ಕೊಟ್ಟು ಲೋಕಕ್ಕೆ ಮಾದರಿ ಎನಿಸಿಕೊಂಡ ಅದೇ ಕಾಯ್ದೆ ಏಷ್ಯಾ, ಆಫ್ರಿಕಾ ಮೂಲದವರನ್ನೂ ಹೊರಗಿಟ್ಟಿತು. ಅಲ್ಲಿ ನೆಲೆಸಿದ್ದ ಭಾರತೀಯರೂ ಆ ಪಟ್ಟಿಗೆ ಬಿದ್ದರು. 1922ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯಾ ಸುತ್ತಿ ವಾದಿಸಿದ ಮೇಲೆ, 1925ರಲ್ಲಿ ಬ್ರಿಟಿಷ್ ಇಂಡಿಯಾದಿಂದ ಹೋಗಿ ನೆಲೆಸಿದವರಿಗೆ ಮತ ದೊರೆಯಿತು. ಮೂಲನಿವಾಸಿಗಳೆಲ್ಲರಿಗೂ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಸಿಕ್ಕಿದ್ದು 1962ರಲ್ಲಿ. ಐರಿಷರ ಹಕ್ಕಿಗೆ, ಬೋಯರರ ನ್ಯಾಯಕ್ಕೆ ನಷ್ಟ ಮಾಡಿಕೊಂಡು ನಿಂತ ಮನುಷ್ಯನ ಕಣ್ಣಿಗೆ ಸ್ವಂತ ನೆಲದ ಕಪ್ಪು ಜನ ಬೀಳಲಿಲ್ಲ. ಹಿಗ್ಗಿನ್ಸ್ ಅವರನ್ನು ಮೆಚ್ಚುವವರು ಈ ಪುಟವನ್ನು ಹಾರಿಸಿ ಓದಬಾರದು.

1904ರಲ್ಲಿ ಕ್ರಿಸ್ ವಾಟ್ಸನ್ ನಾಯಕತ್ವದಲ್ಲಿ ಲೇಬರ್ ಪಕ್ಷ ಸರ್ಕಾರ ರಚಿಸಿತು. ಒಂದು ದೇಶದ ಮಟ್ಟದಲ್ಲಿ ಕಾರ್ಮಿಕ ಪಕ್ಷವೊಂದು ಗದ್ದುಗೆ ಏರಿದ್ದು ಜಗತ್ತಿನಲ್ಲೇ ಅದು ಮೊದಲು. ಅಟಾರ್ನಿ ಜನರಲ್ ಆಗುವಷ್ಟು ಅನುಭವವಿರುವ ವಕೀಲರು ಪಕ್ಷದಲ್ಲಿರಲಿಲ್ಲ. ಪಕ್ಷದ ಸದಸ್ಯರಲ್ಲದ ಹಿಗ್ಗಿನ್ಸ್ ಅವರನ್ನು ಕರೆದರು, ಅವರು ಒಪ್ಪಿದರು. ಸರ್ಕಾರ ನಾಲ್ಕು ತಿಂಗಳೂ ತುಂಬಿಸಲಿಲ್ಲ. 1906ರಲ್ಲಿ ಡೀಕಿನ್ ಸರ್ಕಾರ ಐಸಾಕ್ಸ್ ಜೊತೆ ಹಿಗ್ಗಿನ್ಸ್ ಅವರನ್ನೂ ಹೈಕೋರ್ಟಿಗೆ ನೇಮಿಸಿತು. ಮರುವರ್ಷ ಅವರು ಕಾರ್ಮಿಕ ವಿವಾದಗಳ ರಾಜಿ-ಪಂಚಾಯಿತಿ ನ್ಯಾಯಾಲಯದ ಅಧ್ಯಕ್ಷರೂ ಆದರು. ತಾವೇ ಸಂವಿಧಾನಕ್ಕೆ ಸೇರಿಸಿದ ಅಧಿಕಾರದ ಕುರ್ಚಿಯಲ್ಲಿ ತಾವೇ ಬಂದು ಕುಳಿತಂತಾಯಿತು.

ಮೊದಲ ದೊಡ್ಡ ಪ್ರಕರಣ ಬಂದದ್ದು ಮೆಲ್ಬರ್ನ್ ಪಕ್ಕದ ಸನ್‌ಶೈನ್ ಎಂಬಲ್ಲಿನ ಕಾರ್ಖಾನೆಯಿಂದ. ಅದರ ಒಡೆಯ ಎಚ್.ವಿ. ಮೆಕೇ. ಗೋಧಿಯ ತೆನೆ ಕಿತ್ತು, ಒಕ್ಕಿ, ಕಾಳು ಹಸನು ಮಾಡಿ ಕೊಡುವ ಹಾರ್ವೆಸ್ಟರ್ ಯಂತ್ರಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಹೊರದೇಶದ ಯಂತ್ರಗಳ ಮೇಲೆ ಸರ್ಕಾರ ಆಮದು ಸುಂಕ ಹಾಕಿ ಇಂಥ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತ್ತು. ಡೀಕಿನ್ ಅದಕ್ಕೊಂದು ಷರತ್ತು ಕಟ್ಟಿದರು. ರಕ್ಷಣೆಯ ಲಾಭ ಒಡೆಯನ ಜೇಬಿಗೆ ಮಾತ್ರ ಹೋಗಬಾರದು, ಕೆಲಸಗಾರನಿಗೂ ಸಲ್ಲಬೇಕು. 1906ರ ಕಾಯ್ದೆಯ ಪ್ರಕಾರ ದೇಶದೊಳಗಿನ ತಯಾರಕರೂ ಅಬಕಾರಿ ಸುಂಕ ಕಟ್ಟಬೇಕು, ಕೊಡುವ ಕೂಲಿ ನ್ಯಾಯವೂ ಸಮಂಜಸವೂ ಆಗಿದ್ದರೆ ಮಾಫಿ. ನ್ಯಾಯ, ಸಮಂಜಸ ಎಂದರೆ ಎಷ್ಟು ಎಂದು ಕಾಯ್ದೆ ಹೇಳಲಿಲ್ಲ. ಮೆಕೇ ಮಾಫಿ ಕೇಳಿ ಅರ್ಜಿ ಹಾಕಿದರು. ಸಂಸತ್ತು ಬಿಟ್ಟ ಜಾಗವನ್ನು ಹಿಗ್ಗಿನ್ಸ್ ತುಂಬಬೇಕಾಯಿತು.

ಒಡೆಯನಿಗೂ ಆಳಿಗೂ ನಡೆಯುವ ಚೌಕಾಸಿಯಲ್ಲಿ ಗಿಟ್ಟುವ ಕೂಲಿಯೇ ನ್ಯಾಯದ ಕೂಲಿ ಎನ್ನುವುದಾದರೆ ಈ ಕಾಯ್ದೆಯೇ ಬೇಕಿರಲಿಲ್ಲ ಎಂಬಲ್ಲಿಂದ ಅವರು ಶುರು ಮಾಡಿದರು. ಕೆಲಸ ಹೋದರೆ ಉಪವಾಸ ಎಂದು ಒಬ್ಬನಿಗೆ ಭಯ, ಇನ್ನೊಬ್ಬನಿಗೆ ಆ ಭಯವಿಲ್ಲ, ಇಂಥ ಚೌಕಾಸಿ ಸಮವಲ್ಲ. ಆದ್ದರಿಂದ ಅಳತೆ ಬೇರೆ ಬೇಕು. ನಾಗರಿಕ ಸಮಾಜದಲ್ಲಿ ಮನುಷ್ಯನಾಗಿ ಬದುಕುವ ಸಾಧಾರಣ ಕೆಲಸಗಾರನ ಸಹಜ ಅಗತ್ಯಗಳೇ ಅಳತೆ ಎಂದರು ಹಿಗ್ಗಿನ್ಸ್. ಆ ಅಗತ್ಯಗಳನ್ನು ತಿಳಿಯಲು ಅರ್ಥಶಾಸ್ತ್ರದ ಗ್ರಂಥ ಬಿಚ್ಚಲಿಲ್ಲ. ಕೂಲಿಗಳ ಹೆಂಡಂದಿರು ಕೋರ್ಟಿಗೆ ಬಂದು ಮನೆಖರ್ಚಿನ ಲೆಕ್ಕ ಒಪ್ಪಿಸಿದರು.

ತೀರ್ಪಿನ ಈ ಭಾಗ ಇಡೀ ಕಾರ್ಮಿಕ ಕಾನೂನಿನ ಚರಿತ್ರೆಯಲ್ಲೇ ಅಪರೂಪದ್ದು. ಕೂಲಿಯವನ ಮನೆ ಬಾಡಿಗೆ ವಾರಕ್ಕೆ ಏಳು ಶಿಲಿಂಗ್. ಅದರ ಮೇಲೆ ದಿನಸಿ, ಬ್ರೆಡ್, ಮಾಂಸ, ಹಾಲು, ಉರುವಲು, ತರಕಾರಿ, ಹಣ್ಣು. ಐದು ಮಂದಿಯ ಸಂಸಾರಕ್ಕೆ ಇಷ್ಟಕ್ಕೇ ವಾರಕ್ಕೆ ಸರಾಸರಿ 1 ಪೌಂಡ್ 12 ಶಿಲಿಂಗ್ 5 ಪೆನ್ಸ್ ಆಗುತ್ತದೆ ಎಂದು ಹೆಂಗಸರ ಲೆಕ್ಕದಿಂದ ಸಿದ್ಧವಾಯಿತು. ಮೆಕೇ ಕೊಡುತ್ತಿದ್ದದ್ದು ದಿನಕ್ಕೆ ಆರು ಶಿಲಿಂಗ್, ಅಂದರೆ ವಾರದ ಆರು ದಿನಕ್ಕೆ 36 ಶಿಲಿಂಗ್. ಪೌಂಡಿಗೆ ಇಪ್ಪತ್ತು ಶಿಲಿಂಗ್, ಶಿಲಿಂಗಿಗೆ ಹನ್ನೆರಡು ಪೆನ್ಸ್. ಕಳೆದರೆ ಕೈಯಲ್ಲಿ ಉಳಿಯುವುದು 3 ಶಿಲಿಂಗ್ 7 ಪೆನ್ಸ್.

ಆಮೇಲೆ ಹಿಗ್ಗಿನ್ಸ್ ಈ ಲೆಕ್ಕದಲ್ಲಿ ಬಾರದೆ ಉಳಿದ ಖರ್ಚುಗಳನ್ನು ಒಂದೊಂದಾಗಿ ಹೆಸರಿಸುತ್ತಾ ಹೋದರು. ಬಟ್ಟೆ, ಬೂಟು, ಪೀಠೋಪಕರಣ, ಪಾತ್ರೆಪಗಡ, ವಿಮೆ, ಉಳಿತಾಯ, ಕೆಲಸ ತಪ್ಪಿದ ದಿನಗಳು, ಸಂಘದ ಚಂದಾ, ಪುಸ್ತಕ, ಪತ್ರಿಕೆ, ಟ್ರಾಮಿನ ಖರ್ಚು, ಹೊಲಿಗೆ ಯಂತ್ರ, ಒಗೆದ ಬಟ್ಟೆ ಹಿಂಡುವ ಯಂತ್ರ, ಮಕ್ಕಳ ಶಾಲೆಯ ಸಾಮಾನು, ಮನರಂಜನೆ, ರಜೆ, ತಂಬಾಕು, ಕಾಯಿಲೆ, ಸಾವು, ದೇವರ ಕಾಣಿಕೆ, ದಾನ. ಇಷ್ಟೆಲ್ಲ ಆ ಮೂರೂವರೆ ಶಿಲಿಂಗಿನಲ್ಲಿ ಆಗಬೇಕು. ಈ ಪಟ್ಟಿಯನ್ನು ಮಾಡಲು ದೊಡ್ಡ ವಕೀಲಿಕೆ ಸಾಕಾಗುವುದಿಲ್ಲ. ಪಾದ್ರಿಯ ಮನೆಯಲ್ಲಿ ಬೆಳೆದು, ಅಣ್ಣನನ್ನು ಕ್ಷಯಕ್ಕೆ ಕಳೆದುಕೊಂಡವರಿಗೆ ಕಾಯಿಲೆ ಮತ್ತು ಸಾವು ಕೂಡ ಮನೆಖರ್ಚಿನ ಬಾಬ್ತು ಎಂದು ಹೊಳೆಯುತ್ತದೆ. ಬಡವನಿಗೆ ಪತ್ರಿಕೆ ಯಾಕೆ, ರಜೆ ಯಾಕೆ ಎಂದು ಅವರು ಕೇಳಲಿಲ್ಲ. ಕೂಲಿಯ ಲೆಕ್ಕದಲ್ಲಿ ಓದಿಗೂ ಜಾಗವಿರಬೇಕು ಎಂದು 1907ರಷ್ಟು ಹಿಂದೆಯೇ ಒಬ್ಬ ನ್ಯಾಯಾಧೀಶರು ಬರೆದರು ಎಂಬುದನ್ನು ನೆನಪಿನಲ್ಲಿಡಬೇಕು.

1907ರ ನವೆಂಬರ್ 8ರಂದು ತೀರ್ಪು ಬಂತು. ಆರು ಶಿಲಿಂಗ್ ಸಾಲದು, ಏಳು ಬೇಕು. ವಾರಕ್ಕೆ 42 ಶಿಲಿಂಗ್. ಕುಶಲ ಕೆಲಸಗಾರರಿಗೆ ಕಸುಬಿಗೆ ತಕ್ಕಂತೆ ಇದರ ಮೇಲೆ ಹೆಚ್ಚುವರಿ. ಮೆಕೇ ಅರ್ಜಿ ವಜಾ.

ಮೆಕೇ ಆ ಏಳು ಶಿಲಿಂಗ್ ಕೊಡಬೇಕಾಗಿ ಬರಲಿಲ್ಲ. 1908ರಲ್ಲಿ ಹೈಕೋರ್ಟ್ ಮೂರಕ್ಕೆ ಎರಡರ ಬಹುಮತದಿಂದ, ಸುಂಕದ ಹೆಸರಿನಲ್ಲಿ ಕೂಲಿ ನಿಯಂತ್ರಿಸುವುದು ಸಂವಿಧಾನಬಾಹಿರ ಎಂದು ಕಾಯ್ದೆಯನ್ನೇ ರದ್ದು ಮಾಡಿತು. ಭಿನ್ನಮತ ಬರೆದ ಇಬ್ಬರು ಐಸಾಕ್ಸ್ ಮತ್ತು ಹಿಗ್ಗಿನ್ಸ್. ಕಾಯ್ದೆ ಸತ್ತರೂ ಅಳತೆಗೋಲು ಹಿಗ್ಗಿನ್ಸ್ ಕೈಯಲ್ಲೇ ಉಳಿಯಿತು. ಮುಂದಿನ ಹದಿಮೂರು ವರ್ಷ ಪಂಚಾಯಿತಿ ನ್ಯಾಯಾಲಯಕ್ಕೆ ಬಂದ ಗಣಿ, ಹಡಗು, ಉಣ್ಣೆ, ಮರಗೆಲಸದ ವಿವಾದಗಳಿಗೆಲ್ಲ ಅವರು ಅದನ್ನೇ ಇಟ್ಟು ಅಳೆದರು. 1909ರಲ್ಲಿ ಬ್ರೋಕನ್ ಹಿಲ್ ಗಣಿ ಕಂಪನಿ ತನಗೆ ಕೊಡುವ ಶಕ್ತಿಯಿಲ್ಲ ಎಂದು ವಾದಿಸಿತು. ಬದುಕಲು ಬೇಕಾದಷ್ಟು ಕೂಲಿ ಕೊಟ್ಟು ನಡೆಯಲಾರದ ಉದ್ಯಮ ಮುಚ್ಚುವುದೇ ಲೇಸು ಎಂಬುದು ಅವರ ನಿಲುವು. 1920ರಲ್ಲಿ ಮರಗೆಲಸದವರಿಗೆ ವಾರಕ್ಕೆ 44 ಗಂಟೆಯ ಕೆಲಸ ಗೊತ್ತುಮಾಡಿದರು.

ಈ ಅಳತೆಗೋಲಿನಲ್ಲೂ ಒಂದು ಬಿರುಕಿತ್ತು. ಅದು ಹೆಂಡತಿ, ಮೂರು ಮಕ್ಕಳಿರುವ ಗಂಡಸಿನ ಕೂಲಿ. ತಾನೇ ದುಡಿದು ಮನೆ ಸಾಗಿಸುವ ವಿಧವೆ, ತಮ್ಮ ತಂಗಿಯರನ್ನು ಸಾಕುವ ಹುಡುಗಿ ಆ ಲೆಕ್ಕದಲ್ಲಿಲ್ಲ. 1912ರಲ್ಲಿ ಮಿಲ್ಡುರಾದ ಹಣ್ಣಿನ ತೋಟಗಳ ಪ್ರಕರಣ ಬಂದಾಗ, ಗಂಡಸರ ಜೊತೆ ಹಣ್ಣು ಬಿಡಿಸುವ ಹೆಂಗಸರಿಗೆ ಸಮಾನ ಕೂಲಿ ಎಂದರು, ಕಡಿಮೆ ಕೂಲಿಯ ಹೆಂಗಸರನ್ನಿಟ್ಟು ಗಂಡಸರನ್ನು ಕೆಲಸದಿಂದ ತೆಗೆಯಬಾರದೆಂದು. ಹೆಂಗಸರೇ ಮಾಡುವ ಪ್ಯಾಕಿಂಗ್ ಕೆಲಸಕ್ಕೆ ಮಾತ್ರ ಕಡಿಮೆ ದರ. 1919ರಲ್ಲಿ ಬಟ್ಟೆ ಹೊಲಿಯುವ ಹೆಂಗಸರಿಗೆ ಗಂಡಸರ ಮೂಲ ಕೂಲಿಯ ಶೇಕಡ 54ರಷ್ಟು ಗೊತ್ತಾಯಿತು. ಏಳು ಶಿಲಿಂಗಿನ ಅಂಕಿ ಬಂದದ್ದೇ ಹೆಂಗಸರ ಸಾಕ್ಷ್ಯದಿಂದ. ಅದರ ಫಲದಲ್ಲಿ ಅವರ ಪಾಲು ಅರ್ಧಕ್ಕಿಂತ ತುಸು ಮೇಲೆ. ಸಮಾನ ಕೂಲಿಯ ತತ್ವವನ್ನು ಆಸ್ಟ್ರೇಲಿಯಾದ ಪಂಚಾಯಿತಿ ಆಯೋಗ ಒಪ್ಪಿಕೊಂಡದ್ದು 1969 ಮತ್ತು 1972ರ ತೀರ್ಪುಗಳಲ್ಲಿ. ಹಿಗ್ಗಿನ್ಸ್ ಮನೆಯಲ್ಲೇ ಸ್ವತಂತ್ರವಾಗಿ ದುಡಿಯುವ ಹೆಂಗಸರಿದ್ದರು, ತಂಗಿ ಐನಾ ತೋಟವಿನ್ಯಾಸವನ್ನು ಕಸುಬಾಗಿ ಮಾಡಿಕೊಂಡಿದ್ದರು. ಹಾಗಿದ್ದೂ ಅವರ ಕಣ್ಣು ಅಲ್ಲಿ ತೆರೆಯಲಿಲ್ಲ ಎಂಬುದು ಬೇಸರದ ಸಂಗತಿ.

ಖಾಸಗಿ ಪತ್ರಗಳಲ್ಲಿ ಎದೆ ಹಿಂಡುವ ಭಾಗ ಮಗನದು. ಮರ್ವಿನ್ ಒಬ್ಬನೇ ಮಗ, ಹುಟ್ಟಿದ್ದು 1887ರಲ್ಲಿ. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದಿ, 1910ರಲ್ಲಿ ಕೇಂಬ್ರಿಜ್ ವಿರುದ್ಧದ ದೋಣಿ ಸ್ಪರ್ಧೆಯಲ್ಲಿ ಆಕ್ಸ್‌ಫರ್ಡ್ ಪರ ಹುಟ್ಟು ಹಾಕಿದವನು. ಮರಳಿ ಬಂದು ವಕೀಲನಾದ. ಮಹಾಯುದ್ಧ ಬಂದಾಗ ಕುದುರೆ ದಳ ಸೇರಿದ. 1916ರ ಡಿಸೆಂಬರ್ 23ರಂದು ಸಿನಾಯ್ ಮರುಭೂಮಿಯ ಮಗ್‌ಧಬಾ ಕಾಳಗದಲ್ಲಿ ಗುಂಡು ತಗುಲಿ ಸತ್ತ. ಹಿಗ್ಗಿನ್ಸ್ ಆಗ ಅರವತ್ತೈದರ ಮುದುಕ. ಈ ದುಃಖ ತಮಗೆ ಉಳಿದ ಆಯುಷ್ಯದುದ್ದಕ್ಕೂ ಕಠಿಣ ದುಡಿಮೆಯ ಶಿಕ್ಷೆ ವಿಧಿಸಿದೆ ಎಂಬ ಅರ್ಥದಲ್ಲಿ ಅವರು ಬರೆದುಕೊಂಡರು. ನ್ಯಾಯಾಧೀಶರ ಬಾಯಲ್ಲಿ ಶಿಕ್ಷೆಯ ಭಾಷೆಯೇ ಬಂತು. ಆ ವರ್ಷಗಳ ಪಂಚಾಯಿತಿ ನ್ಯಾಯಾಲಯದ ಕಡತಗಳನ್ನು ನೋಡಿದರೆ ಅವರು ಎಷ್ಟು ದುಡಿದರೆಂಬುದು ಗೊತ್ತಾಗುತ್ತದೆ, ಯಾಕೆ ಹಾಗೆ ದುಡಿದರೆಂದು ಆ ಕಡತಗಳು ಹೇಳುವುದಿಲ್ಲ.

ಇನ್ನೊಂದು ಕಟ್ಟು ಅಮೆರಿಕದ ಗೆಳೆತನದ್ದು. 1914ರಲ್ಲಿ ಹಿಗ್ಗಿನ್ಸ್ ಅಮೆರಿಕಕ್ಕೆ ಹೋದಾಗ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಂಬ ತರುಣ ಕಾನೂನು ಪ್ರಾಧ್ಯಾಪಕನ ಪರಿಚಯವಾಯಿತು. ಕನಿಷ್ಠ ಕೂಲಿ, ಕೆಲಸದ ಅವಧಿಯ ಕಾಯ್ದೆಗಳನ್ನು ಅಮೆರಿಕದ ನ್ಯಾಯಾಲಯಗಳಲ್ಲಿ ಸಮರ್ಥಿಸಲು ಫ್ರಾಂಕ್‌ಫರ್ಟರ್ ಓಡಾಡುತ್ತಿದ್ದ ಕಾಲ ಅದು. ಪಂಚಾಯಿತಿ ನ್ಯಾಯಾಲಯದ ಅನುಭವವನ್ನು ಹಿಗ್ಗಿನ್ಸ್ 1915ರ ಹಾರ್ವರ್ಡ್ ಲಾ ರಿವ್ಯೂದಲ್ಲಿ ಬರೆದರು. ಅದೇ ಪತ್ರಿಕೆಗೆ ಇನ್ನೆರಡು ಲೇಖನಗಳನ್ನು ಕೊಟ್ಟರು. ಮೂರೂ ಸೇರಿ 1922ರಲ್ಲಿ ಪುಸ್ತಕವಾಯಿತು. ಮೆಲ್ಬರ್ನಿಗೂ ಅಮೆರಿಕಕ್ಕೂ ಪತ್ರಗಳು ಹಡಗಿನಲ್ಲಿ ಓಡಾಡಿದವು. ಅವುಗಳ ಒಂದು ಪಾಲು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಫ್ರಾಂಕ್‌ಫರ್ಟರ್ ಕಡತದಲ್ಲಿದೆ. ಖಾಸಗಿ ಪತ್ರ ಸಂಗ್ರಹಗಳಲ್ಲಿ ಹೀಗಾಗುವುದು ಸಹಜ. ಬಂದ ಪತ್ರ ನಮ್ಮ ಬಳಿ, ಹೋದ ಪತ್ರ ಅವರ ಬಳಿ. ಒಂದು ಗೆಳೆತನವನ್ನು ಪೂರ್ತಿ ಓದಲು ಎರಡು ಖಂಡ ಸುತ್ತಬೇಕು.

ಕೊನೆಯ ಜಗಳ ಪ್ರಧಾನಿ ಬಿಲ್ಲಿ ಹ್ಯೂಸ್ ಜೊತೆ. ಮುಷ್ಕರಗಳು ಹೆಚ್ಚಾದಾಗ ಹ್ಯೂಸ್ ಪಂಚಾಯಿತಿ ನ್ಯಾಯಾಲಯವನ್ನು ಬದಿಗಿಟ್ಟು, ಸರ್ಕಾರವೇ ನೇಮಿಸುವ ವಿಶೇಷ ಮಂಡಳಿಗಳಿಗೆ ವಿವಾದ ಒಪ್ಪಿಸಲು 1920ರಲ್ಲಿ ಕಾಯ್ದೆ ತಂದರು. ಮಂತ್ರಿಗಳು ತಮಗೆ ಬೇಕಾದಾಗ ಬೇರೆ ಪಂಚಾಯಿತಿ ಕೂರಿಸುವುದಾದರೆ ನ್ಯಾಯಾಲಯಕ್ಕೆ ಬೆಲೆಯೇನು ಎಂದು ಹಿಗ್ಗಿನ್ಸ್ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹೈಕೋರ್ಟಿನಲ್ಲಿ ಮಾತ್ರ ಸಾಯುವವರೆಗೂ ಇದ್ದರು. 1929ರ ಜನವರಿ 13ರಂದು ಡ್ರೊಮಾನಾದ ಕಡಲದಂಡೆಯ ಹೆರನ್ಸ್‌ವುಡ್ ಮನೆಯಲ್ಲಿ ತೀರಿಕೊಂಡರು. ಒಂದು ಕಾಲದಲ್ಲಿ ಅವರ ಗುರು ಹರ್ನ್ ಕಟ್ಟಿಸಿದ್ದ ಮನೆ ಅದು.

ಮಗನಿಲ್ಲದ ಮನೆಯ ಕಾಗದಗಳು ಚೆದುರಿ ಹೋಗುವುದು ಸುಲಭ. ಹಿಗ್ಗಿನ್ಸ್ ಕಾಗದಗಳಿಗೆ ಆ ಗತಿ ಬರಲಿಲ್ಲ. ತಮ್ಮನ ಮಗಳು ನೆಟ್ಟಿ ಪಾಮರ್ ಆಗಲೇ ಆಸ್ಟ್ರೇಲಿಯಾದ ಹೆಸರಾಂತ ವಿಮರ್ಶಕಿ. ದೊಡ್ಡಪ್ಪನ ಪತ್ರಗಳನ್ನೂ ಆತ್ಮಕಥನದ ಹಸ್ತಪ್ರತಿಯನ್ನೂ ಮುಂದಿಟ್ಟುಕೊಂಡು 1931ರಲ್ಲೇ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ನೆಟ್ಟಿಯ ತಮ್ಮ ಎಸ್ಮಂಡ್ ಕಮ್ಯುನಿಸ್ಟ್ ಪಕ್ಷ ಸೇರಿದವನು. ವರ್ಗ ಸಂಘರ್ಷವನ್ನು ನ್ಯಾಯಾಲಯದಲ್ಲಿ ಬಗೆಹರಿಸಬಹುದೆಂದು ನಂಬಿದ ದೊಡ್ಡಪ್ಪ, ನಂಬದ ಹುಡುಗ ಒಂದೇ ಮನೆತನದಲ್ಲಿ. ನೆಟ್ಟಿ ಇಬ್ಬರನ್ನೂ ಹತ್ತಿರದಿಂದ ಬಲ್ಲವರು. ಮನೆಯವರು ಬರೆದ ಚರಿತ್ರೆಯಲ್ಲಿ ಅಭಿಮಾನ ತುಸು ಹೆಚ್ಚೇ ಇರುತ್ತದೆ. ಐವತ್ತು ವರ್ಷ ಕಳೆದ ಮೇಲೆ, 1984ರಲ್ಲಿ, ಇತಿಹಾಸಕಾರ ಜಾನ್ ರಿಕರ್ಡ್ ಅದೇ ಕಾಗದಗಳನ್ನು ಮತ್ತೆ ಓದಿ, ನ್ಯಾಯಪೀಠದಲ್ಲಿ ಕುಳಿತ ಬಂಡಾಯಗಾರನೆಂದು ಹಿಗ್ಗಿನ್ಸ್ ಅವರನ್ನು ಚಿತ್ರಿಸಿದರು. ಕಾಗದಗಳು ಉಳಿದಿದ್ದರಿಂದ ಎರಡನೆಯ ಓದು ಸಾಧ್ಯವಾಯಿತು.

ಈ ಐರಿಷ್ ವಕೀಲರಿಗೂ ನಮಗೂ ನಿಜವಾದ ನಂಟಿದೆ.   ಹಿಗ್ಗಿನ್ಸ್ ಹೆಸರು ಭಾರತಕ್ಕೆ ಬಂದದ್ದು ನ್ಯಾಯಾಲಯದ ದಾರಿಯಲ್ಲಿ. ನಮ್ಮ ಸಂವಿಧಾನದ 43ನೇ ವಿಧಿ ಕೆಲಸಗಾರರಿಗೆಲ್ಲ ಜೀವನ ನಿರ್ವಹಣೆಗೆ ತಕ್ಕ ಕೂಲಿ ಸಿಗುವಂತೆ ಮಾಡಲು ಸರ್ಕಾರ ಪ್ರಯತ್ನಿಸಬೇಕೆನ್ನುತ್ತದೆ. ಅಂಥ ಕೂಲಿ ಎಂದರೇನು ಎಂಬ ಪ್ರಶ್ನೆ 1958ರಲ್ಲಿ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪತ್ರಕರ್ತರ ವೇತನ ಮಂಡಳಿಯ ನಿರ್ಧಾರವನ್ನು ಪತ್ರಿಕಾ ಒಡೆಯರು ಪ್ರಶ್ನಿಸಿದ್ದ ಪ್ರಕರಣ. ನ್ಯಾಯಮೂರ್ತಿ ಎನ್.ಎಚ್. ಭಗವತಿ ಕೂಲಿಯ ಬಗೆಗಳನ್ನು ವಿವರಿಸುತ್ತಾ ಆಸ್ಟ್ರೇಲಿಯಾದ ನ್ಯಾಯಮೂರ್ತಿ ಹಿಗ್ಗಿನ್ಸ್ ಕೊಟ್ಟ ಅರ್ಥವನ್ನು ಉದ್ಧರಿಸಿದರು. ಕೊನೆಗೆ ಪತ್ರಿಕೆಗಳಿಗೆ ಕೊಡುವ ಶಕ್ತಿ ಇದೆಯೇ ಎಂದು ಮಂಡಳಿ ನೋಡಲಿಲ್ಲವೆಂದು ಅದರ ನಿರ್ಧಾರವನ್ನು ನ್ಯಾಯಾಲಯ ತಳ್ಳಿಹಾಕಿತು. ಬ್ರೋಕನ್ ಹಿಲ್‌ನಲ್ಲಿ ಹಿಗ್ಗಿನ್ಸ್ ಒಪ್ಪದೇ ಹೋದ ವಾದ ಇಲ್ಲಿ ಗೆದ್ದಿತು.

ಅದರ ಹಿಂದಿನ ವರ್ಷ, 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೆ ಒಂದು ಲೆಕ್ಕ ಹಾಕಿಕೊಟ್ಟಿತ್ತು. ದುಡಿಯುವವನೂ ಸೇರಿ ಮೂರು ಮಂದಿಯ ಊಟದ ಪ್ರಮಾಣ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ ಮತ್ತು ಇತರ ಖರ್ಚಿಗೆ ಶೇಕಡ 20. ಮಕ್ಕಳ ಓದು, ಔಷಧ, ಹಬ್ಬ, ಮುಪ್ಪು, ಮದುವೆಗಳಿಗೆ ಆ ಲೆಕ್ಕದಲ್ಲಿ ಬೇರೆ ಬಾಬ್ತು ಇರಲಿಲ್ಲ. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವುಗಳಿಗಾಗಿ ಇನ್ನೂ ಶೇಕಡ 25 ಸೇರಿಸಬೇಕೆಂದಿತು. ಹಿಗ್ಗಿನ್ಸ್ 1907ರಲ್ಲಿ ಹೆಸರಿಸಿದ ಖರ್ಚುಗಳಲ್ಲಿ ಹಲವು ನಮ್ಮ ಲೆಕ್ಕಕ್ಕೆ ಸೇರಲು ಎಂಬತ್ತನಾಲ್ಕು ವರ್ಷ ಬೇಕಾಯಿತು.

ಕಾರ್ಮಿಕ ಕಾನೂನು ಓದುವ ನಮ್ಮ ಹುಡುಗ ಹುಡುಗಿಯರು ಪಠ್ಯದಲ್ಲಿ ಹಿಗ್ಗಿನ್ಸ್ ಹೆಸರು ಕಂಡಾಗ ಪರೀಕ್ಷೆಗೆ ಒಂದು ವಾಕ್ಯ ಬಾಯಿಪಾಠ ಮಾಡಿ ಮುಂದೆ ಹೋಗದಿರಲಿ. 1907ರ ತೀರ್ಪನ್ನೇ ತೆಗೆದು ಓದಲಿ, ಅದರಲ್ಲೂ ಮನೆಖರ್ಚಿನ ಆ ಭಾಗವನ್ನು. ಓದಿ ಮುಗಿಸಿ, ತಮ್ಮ ಊರಿನ ಬೀಡಿ ಕಟ್ಟುವ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸರನ್ನು ಕೇಳಿ ಅದೇ ಬಾಬ್ತುಗಳ ಮುಂದೆ ಇಂದಿನ ರೂಪಾಯಿ ಬರೆದು ನೋಡಲಿ.